ಗುಮ್ಮಟದ ಫೋಟೋ ಸಿಗತಾವ, ನಮ್ಮ ಪಡಸಾಲಿದು ಎಲ್ಲಿ?

ಬಿಜಾಪುರದ ಹಳೇ ಫೋಟೋ ಅಂದ್ರ ನಮ್ಮ ಕಣ್ಣಮುಂದ ಬರೂದು ಗೋಳಗುಮ್ಮಟ, ಇಬ್ರಾಹಿಂ ರೋಜಾ, ಬಾರಾ ಕಮಾನ. ಇವುಗಳ ಫೋಟೋ ನೂರೈವತ್ತು ವರ್ಷಕ್ಕೂ ಹಿಂದಿನವು ಸಿಗತಾವ. ಅದೇ ಕಾಲದ್ದು ಒಂದು ಪಡಸಾಲಿ, ಒಂದು ಒಲಿ, ಬೀಸುಕಲ್ಲ ಮುಂದ ಕುಂತ ಒಬ್ಬ ಹೆಣ್ಣುಮಗಳು, ಇಂಡಿದು ಇರಲಿ ಸಿಂದಗಿದು ಇರಲಿ, ಹುಡುಕ್ರಿ ನೋಡೂಣು. ಕೈಗೆ ಹತ್ತೂದು ಭಾಳ ಕಠಿಣ. ಯಾಕ ಹಿಂಗಾತು ಅನ್ನೂದನ್ನ ಈ ಸಲ ಬರೀಬೇಕು ಅಂತ ಕುಂತೀನಿ. ಇದು ಬರೇ ಹಳೇ ಸುದ್ದಿ ಅಲ್ಲ. ಕೃಷ್ಣಾ ದಂಡಿ ಮ್ಯಾಲಿನ ಇನ್ನೊಂದಿಷ್ಟು ಊರು ನೀರಿಗೆ ಹೋಗೂ ಮಾತು ನಡದದ. ಆ ಊರಾಗ ನಮ್ಮ ಬೀಗರ ಮನಿಗಳು ಇನ್ನೂ ನಿಂತಾವ. ಅದಕ್ಕ ಮೊದಲು ಈ ಇತಿಹಾಸ ಒಮ್ಮೆ ನೋಡೂಣು ಬರ್ರಿ. ಕಡೀಕ ಒಂದು ಕೆಲಸ ಹೇಳತೀನಿ, ಅದನ್ನ ಮಾತ್ರ ತಪ್ಪಿಸಬ್ಯಾಡ್ರಿ.

ತೋಪಿನ ಲಿಲಾವು, ಮರುವರ್ಷ ಕ್ಯಾಮರಾ

ಫೋಟೋ ತಗಿಯೂ ವಿದ್ಯೆ ಜಗತ್ತಿಗೆ ಗೊತ್ತಾಗಿದ್ದು 1839ರಾಗ, ಪ್ಯಾರಿಸ್ಸಿನಾಗ. ಹದಿನೈದು ವರ್ಷದಾಗ ಅದು ಮುಂಬೈಕ್ಕ ಬಂದು ಊರಿತು. 1854ರಾಗ ಅಲ್ಲಿ ಫೋಟೋಗ್ರಾಫಿಕ್ ಸೊಸೈಟಿ ಅಂತ ಒಂದು ಸಂಘನೇ ಶುರುವಾತು. ಆಗ ನಮ್ಮ ಬಿಜಾಪುರ ಸೀಮಿ ಕಂಪನಿ ಸರಕಾರದ ಕೈಯಾಗ ಇತ್ತು. ಅದಕ್ಕ ಮೊದಲು ಸಾತಾರ ಮಹಾರಾಜರದ್ದು. 1848ರಾಗ ಸಾತಾರ ಸಂಸ್ಥಾನ ಕಂಪನಿ ಕೈಗೆ ಹೋದಾಗ ಬಿಜಾಪುರನೂ ಅದರ ಜೋಡಿ ಹೋತು.

ಆ 1854ನೇ ಇಸ್ವಿದು ಇನ್ನೊಂದು ಸುದ್ದಿ ಅದ, ಕೇಳಿದ್ರ ನಗು ಬರತದ. ಬಿಜಾಪುರದಾಗ ಬಿದ್ದಿರೂ ಕೆಲಸಕ್ಕ ಬಾರದ ಸರಕಾರಿ ಸಾಮಾನು ಎಲ್ಲಾ ಲಿಲಾವು ಮಾಡ್ರಿ ಅಂತ ಸಾತಾರದ ಕಮಿಷನರ್ ಸಾಹೇಬರ ಹುಕುಂ ಬಂತು. ಆ ಸಾಮಾನಿನ ಯಾದಿಯೊಳಗ ನಮ್ಮ ಮಲಿಕ್-ಎ-ಮೈದಾನ ತೋಪೂ ಇತ್ತು! 1549ರಾಗ ಅಹ್ಮದನಗರದಾಗ ಎರಕಾ ಹೊಯ್ದ ತೋಪು, 55 ಟನ್ ತೂಕ, ಬಾಯಿ ಕಡಿ ಸಿಂಹದ ಮುಖ. ಲಿಲಾವಿನ್ಯಾಗ ಎಲ್ಲಾರಕಿಂತ ಹೆಚ್ಚ ಕೂಗಿದ ಬೆಲಿ 150 ರೂಪಾಯಿ. ಇದು ಭಾಳ ಕಡಿಮಿ ಆತು ಅಂತ ಇಲ್ಲಿಯವರು ಮ್ಯಾಲಿನವರಿಗೆ ಬರದ್ರು, ಲಿಲಾವು ರದ್ದಾತು. ಇವತ್ತ ನಮ್ಮ ಮಮ್ಮಕ್ಕಳು ಅದರ ಬಾಯಾಗ ಕೈ ಇಟ್ಟು ಫೋಟೋ ತಗಿಸ್ಕೊಳ್ಳತಾರ ಅಂದ್ರ, ಆ ಕಡಿಮಿ ಬೆಲಿದ್ದೇ ಪುಣ್ಯ.

ಲಿಲಾವು ತಪ್ಪಿದ ಮರುವರ್ಷ, 1855ರಾಗ, ಬಾಂಬೆ ಆರ್ಟಿಲರಿಯ ಥಾಮಸ್ ಬಿಗ್ಸ್ ಅನ್ನೂ ಅಧಿಕಾರಿಗೆ ಮುಂಬೈ ಸರಕಾರದ ಫೋಟೋಗ್ರಾಫರ್ ಅಂತ ನೇಮಣೂಕಿ ಆತು. ಹಳೇ ಗುಡಿ, ಮಸೀದಿ, ಶಾಸನಗಳ ಫೋಟೋ ತಗೀಬೇಕು ಅನ್ನೂದು ಅವರ ಕೆಲಸ. ಬಿಜಾಪುರ, ಬಾದಾಮಿ, ಐಹೊಳೆ ಎಲ್ಲಾ ಅಡ್ಡಾಡಿದ್ರು. ರೈಲು ಇರಲಿಲ್ಲ, ಸಡಕೂ ನೆಟ್ಟಗಿರಲಿಲ್ಲ. ಕಟ್ಟಿಗಿ ಪೆಟ್ಟಗಿಯಂಥಾ ಕ್ಯಾಮರಾ, ಅದರ ಮೂರು ಕಾಲಿನ ಸ್ಟ್ಯಾಂಡು, ಔಷಧದ ಬಾಟಲಿಗಳು, ಎಲ್ಲಾ ಹೇರಿಕೊಂಡು ಹೋಗೂದು. ಫೋಟೋ ಮೂಡಿಸೂದು ಔಷಧ ಹಚ್ಚಿದ ಕಾಗದದ ಮ್ಯಾಲ. ಒಂದು ಫೋಟೋಕ್ಕ ಕ್ಯಾಮರಾದ ಕಣ್ಣ ನಿಮಿಷಗಟ್ಟಲೆ ತಗದಿಡಬೇಕಾಗತಿತ್ತು.

ಇಲ್ಲೇ ನೋಡ್ರಿ, ನಮ್ಮ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಅದ. ಗುಮ್ಮಟ ಅಲುಗಾಡೂದಿಲ್ಲ, ಎಷ್ಟ ಹೊತ್ತ ಬೇಕಾದರೂ ನಿಂತಿರತದ. ರೊಟ್ಟಿ ಬಡಿಯೂ ಕೈ ನಿಂದ್ರೂದಿಲ್ಲ. ಬೀಸುಕಲ್ಲ ತಿರುಗೂದು ಬಿಡೂದಿಲ್ಲ. ಸಂತ್ಯಾಗ ಯಾರೂ ಐದು ನಿಮಿಷ ಕಲ್ಲಿನಂಗ ನಿಲ್ಲೂದಿಲ್ಲ. ಆ ಕ್ಯಾಮರಾದ ಮುಂದ ನಡದಾಡಿದವರು ಫೋಟೋದಾಗ ಹೊಗಿ ಹಂಗ ಕಾಣತಿದ್ರು, ಇಲ್ಲಾ ಕಾಣತಾನೇ ಇರಲಿಲ್ಲ. ಅದೂ ಅಲ್ಲದ ನಮ್ಮ ಮನಿಗಳು ಹೆಂಗಿರತಾವ ಅನ್ನೂದು ನಿಮಗ ಗೊತ್ತೇ ಅದ. ದಪ್ಪ ಗ್ವಾಡಿ, ಮಾಳಿಗಿ ಮನಿ, ಒಳಗ ಬೆಳಕು ಬರೂದು ಮ್ಯಾಲಿನ ಬೆಳಕಿಂಡಿಯಿಂದ ಮಾತ್ರ. ಆ ಬೆಳಕಿನಾಗ ಆಗಿನ ಕ್ಯಾಮರಾ ಏನೂ ಕಾಣತಿದ್ದಿಲ್ಲ. ಇನ್ನ ಟೊಪಗಿ ಹಾಕಿದ ಸಾಹೇಬರನ್ನ ಅಡಗಿಮನಿತನಕಾ ಯಾರು ಬಿಟ್ಟುಕೊಂಡಾರು? ಹಿಂಗ ಬೆಳಕಿಂದು ಒಂದು, ಹೊತ್ತಿಂದು ಒಂದು, ಹೊಸ್ತಿಲದ್ದು ಒಂದು, ಮೂರು ಕಾರಣ ಕೂಡಿ ಮನಿ ಹೊರಗುಳೀತು.

ಬಿಗ್ಸ್ ಅವರು ತಗದ ಫೋಟೋ, ಮೇಜರ್ ಲೋಕ್ ಅನ್ನೂ ಇನ್ನೊಬ್ಬ ಅಧಿಕಾರಿ ತಗದ ಫೋಟೋ, ಎರಡೂ ಕೂಡಿ 1866ರಾಗ ಲಂಡನ್ನಿನಾಗ ಬಿಜಾಪುರದ ವಾಸ್ತುಶಿಲ್ಪದ ಮ್ಯಾಲ ಒಂದು ದೊಡ್ಡ ಪುಸ್ತಕ ಬಂತು. ಅದಕ್ಕ ಇತಿಹಾಸ ಬರದವರು ಮೆಡೋಸ್ ಟೇಲರ್. ಹೌದ್ರಿ, ಸುರಪುರದಾಗ ಟೇಲರ್ ಮಂಜಿಲ್ ಅಂತ ಗುಡ್ಡದ ಮ್ಯಾಲ ಬಂಗ್ಲೆ ಅದ ಅಲ್ಲ, ಅವರೇ. ಸಿಂದಗಿಯಿಂದ ಸುರಪುರ ನಮಗೇನ ದೂರ? ಲಗ್ನ ಕಾರ್ಯಕ್ಕ ಹೋಗಿ ಬರೂ ಊರು. ಅಷ್ಟ ಹತ್ತರದವರು ಬರದ ಪುಸ್ತಕದೊಳಗೂ ಕಟ್ಟಡನೇ ದೊಡ್ಡವು, ಮಂದಿ ಸಣ್ಣವರು.

ಮಸೀದ್ಯಾಗ ಪೋಸ್ಟ್ ಆಫೀಸ

ಈಗ ಗೋಳಗುಮ್ಮಟಕ್ಕ ಹೋದ್ರ ಹುಲ್ಲಹಾಸು, ತಿಕೀಟ, ಕಾಂಪೌಂಡ. ನೂರಾ ಐವತ್ತು ವರ್ಷದ ಹಿಂದ ಹಂಗಿರಲಿಲ್ಲ. 1686ರಾಗ ಔರಂಗಜೇಬ ಬಿಜಾಪುರ ಗೆದ್ದ ಮ್ಯಾಲ ಅರಮನಿಗಳೆಲ್ಲಾ ಪಾಳು ಬಿದ್ವು. ಗುಮ್ಮಟ, ಮಹಾಲು ಒಂದು ಕಡಿ, ಅದರ ನಡುವ ಊರಿನ ಬದುಕು ಒಂದು ಕಡಿ, ಎರಡೂ ಒಂದರಾಗ ಒಂದು ಕೂಡಿಕೊಂಡು ಇರತಿದ್ವು.

1885ರಾಗ ಜಿಲ್ಲಾದ ಮುಖ್ಯ ಊರು ಕಲಾದಗಿಯಿಂದ ಬಿಜಾಪುರಕ್ಕ ಬಂತು. ಆ ದಶಕದಾಗೇ ಗದಗ–ಹೋಟಗಿ ರೈಲೂ ಬಂತು. ಕಚೇರಿ ಮಾಡಲಿಕ್ಕ ಜಾಗಾ ಬೇಕಾತು. ಹೊಸಾದು ಕಟ್ಟೂದಕಿಂತ ಹಳೇ ಮಹಾಲದಾಗ ಕುಂಡ್ರೂದು ಸಸ್ತಾ. ಹಿಂಗಾಗಿ ಒಂದು ಮಸೀದಿ ಸಾಹೇಬರು ಇಳಕೊಳ್ಳೂ ಡಾಕ್ ಬಂಗ್ಲೆ ಆಗಿತ್ತು, ಇನ್ನೊಂದು ಮಸೀದಿ ಪೋಸ್ಟ್ ಆಫೀಸ ಆಗಿತ್ತು. ವೈಸರಾಯ್ ಆಗಿದ್ದ ಲಾರ್ಡ್ ಕರ್ಜನ್ ಇದನ್ನ ನೋಡಿ, ಸಿಟ್ಟಾಗಿ ಎರಡನ್ನೂ ಖಾಲಿ ಮಾಡಿಸಿದ್ರು. ಆಮ್ಯಾಲ 1904ರಾಗ ಹಳೇ ಸ್ಮಾರಕ ಕಾಪಾಡೂ ಕಾಯ್ದೆ ಬಂತು. ಹೆನ್ರಿ ಕಸಿನ್ಸ್ ಅನ್ನೂ ಪುರಾತತ್ವ ಇಲಾಖೆಯ ಅಧಿಕಾರಿ ಬಿಜಾಪುರದ ಒಂದೊಂದು ಕಟ್ಟಡನೂ ಅಳತಿ ಮಾಡಿ, ನಕಾಶಿ ತಗದು, ಫೋಟೋ ಹಾಕಿ 1916ರಾಗ ದೊಡ್ಡ ಪುಸ್ತಕ ತಂದ್ರು. ಇವತ್ತಿಗೂ ಬಿಜಾಪುರದ ಕಟ್ಟಡದ ಬಗ್ಗೆ ಯಾರು ಏನ ಬರೀಲಿ, ಆ ಪುಸ್ತಕ ಕೆಳಗಿಡಂಗಿಲ್ಲ.

ಕರ್ಜನ್ ಸಾಹೇಬರು ಮಾಡಿದ್ದು ಛಲೋನೇ ಆತು. ಇಲ್ಲಂದ್ರ ಎಷ್ಟು ಕಮಾನು ಉಳೀತಿದ್ವೋ ಏನೋ. ಆದ್ರ ನನಗ ಒಂದು ಆಸೆ. ಆ ಮಸೀದ್ಯಾಗಿನ ಪೋಸ್ಟ್ ಆಫೀಸ ಹೆಂಗಿತ್ತು? ಕಮಾನಿನ ಕೆಳಗ ಟಪ್ಪಾಲಿನ ಚೀಲ ಎಲ್ಲಿ ಇಡತಿದ್ರು? ಸೋಲಾಪುರಕ್ಕ ದುಡೀಲಿಕ್ಕ ಹೋದ ಗಂಡನ ಮನಿಆರ್ಡರ್ ಕೇಳಲಿಕ್ಕ ಬಂದ ಹೆಣ್ಣುಮಗಳು ಯಾವ ಮೆಟ್ಟಲಾ ಮ್ಯಾಲ ಕುಂತಿರತಿದ್ಲು? ಒಂದು ಊರಿನ ವಿಚಿತ್ರ ಅಂದ್ರ ಇದೇ ಅಲ್ಲೇನ್ರಿ. ಕಟ್ಟಡದ ಫೋಟೋ ಬೇಕಾದಷ್ಟು ಸಿಗತಾವ. ಆ ಕಟ್ಟಡದಾಗ ಮಂದಿ ಹೆಂಗ ಬಾಳೇ ಮಾಡಿದ್ರು ಅನ್ನೂದು ಮಾತ್ರ ಕಾಗದ ಪತ್ರದಾಗ ಒಂದು ಸಾಲಾಗಿ ಉಳದದ.

ಮುಖ ಅದ, ಹೆಸರಿಲ್ಲ

ಮಂದಿ ಫೋಟೋ ಯಾರೂ ತಗೀಲೇ ಇಲ್ಲ ಅಂತಲ್ಲ. 1868ರಿಂದ 1875ರತನಕಾ ಬ್ರಿಟಿಷ್ ಸರಕಾರ ಹಿಂದೂಸ್ಥಾನದ ಜನರ ಮ್ಯಾಲ 8 ಸಂಪುಟದ ಫೋಟೋ ಪುಸ್ತಕ ತಂತು. ಅದಕ್ಕ ವಿವರಣೆ ಬರದವರಾಗ ನಮ್ಮ ಟೇಲರ್ ಸಾಹೇಬರೂ ಒಬ್ಬರು. ಆದ್ರ ಆ ಫೋಟೋಗಳ ಕೆಳಗ ಬರದದ್ದು ಹೆಚ್ಚಾಗಿ ಜಾತಿ, ಕಸಬು, ಸೀಮಿ. ಇವಳು ಇಂಥಾ ಊರಿನ ಇಂಥವ್ವ, ಇಂಥವರ ಮಗಳು ಅಂತಲ್ಲ. 1857ರ ದಂಗೆ ಆದ ಮ್ಯಾಲ, ನಾವು ಆಳೂ ಮಂದಿ ಎಂಥವರು ಅಂತ ತಿಳಕೊಳ್ಳೂ ಗರಜು ಸರಕಾರಕ್ಕ ಇತ್ತು. ಮನಿಯವರಿಗೆ ತೋರಸಲಿಕ್ಕ ತಗದ ಫೋಟೋ ಅಲ್ಲ ಅವು.

ಹೆಸರಿಲ್ಲದ ಫೋಟೋ ಅಂದ್ರ ಏನು ಅನ್ನೂದು ನಮ್ಮ ನಿಮ್ಮ ಟ್ರಂಕಿನಾಗೇ ಗೊತ್ತಾಗತದ. ಮುಂದ ಇದರ ಬಗ್ಗೆ ಹೇಳತೀನಿ.

ಹಲಸಂಗಿಯವರು ಕ್ಯಾಮರಾ ಇಲ್ಲದ ಹಿಡದ ಚಿತ್ರ

ಹಂಗಾದ್ರ ನಮ್ಮ ಮನಿಯೊಳಗಿನ ಬದುಕನ್ನ ಯಾರೂ ಹಿಡದಿಡಲಿಲ್ಲೇನು? ಹಿಡದ್ರು. ಫೋಟೋದಾಗ ಅಲ್ಲ, ಅಕ್ಷರದಾಗ.

ಆಗ ಇಂಡಿ ತಾಲೂಕಿನೊಳಗಿದ್ದ ಹಲಸಂಗಿ ಊರಾಗ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಅಂತ ನಾಕು ಮಂದಿ ಗೆಳೆಯರು ಇದ್ರು. ಕನ್ನಡ ಸಾಹಿತ್ಯದಾಗ ಇವರಿಗೆ ಹಲಸಂಗಿ ಗೆಳೆಯರು ಅಂತಾನೇ ಹೆಸರು. ಬೀಸೂವಾಗ, ಕುಟ್ಟೂವಾಗ, ತೊಟ್ಟಲಾ ತೂಗೂವಾಗ ನಮ್ಮ ಅವ್ವ ಆಯಿಗಳು ಹಾಡತಿದ್ದ ಹಾಡು ಇವರು ಕಿವಿಗೊಟ್ಟು ಕೇಳಿ ಬರಕೊಂಡ್ರು. 1931ರಾಗ ‘ಗರತಿಯ ಹಾಡು’ ಪುಸ್ತಕ ಬಂತು. ಆಮ್ಯಾಲ ‘ಜೀವನ ಸಂಗೀತ’, ‘ಮಲ್ಲಿಗೆ ದಂಡೆ’ ಬಂದ್ವು. ಸಾಲಿ ಕಲಿಯದ ಹೆಣ್ಣುಮಕ್ಕಳ ಬಾಯಾಗಿನ ಮಾತು ದೊಡ್ಡ ದೊಡ್ಡ ಕವಿಗಳ ಕೈಗೆ ಹೋತು.

ನನ್ನ ಲೆಕ್ಕದಾಗ ಅದು ನಮ್ಮ ಸೀಮಿಯ ಮನಿಯೊಳಗಿನ ಮೊದಲನೇ ಫೋಟೋ. ತವರಿಗೆ ಕರೀಲಿಕ್ಕ ಬಂದ ಅಣ್ಣ, ಹಾದಿ ನೋಡೂ ಅವ್ವ, ಜೋಳದ ಹಿಟ್ಟು, ಕುಂಕಮದ ಭರಣಿ, ಎಲ್ಲಾ ಆ ಹಾಡಿನ್ಯಾಗ ಅವ. ಸಾಹೇಬರ ಕ್ಯಾಮರಾಕ್ಕ ಹೊಸ್ತಿಲಾ ದಾಟಲಿಕ್ಕ ಆಗಲಿಲ್ಲ, ಹಲಸಂಗಿಯವರು ದಾಟಿದ್ರು. ಯಾಕಂದ್ರ ಅವರು ಇದೇ ಸೀಮಿ ಮಕ್ಕಳು, ಅವರು ಕೇಳಿದ್ದು ತಮ್ಮ ಮಂದಿ ಹಾಡು. ಒಂದು ಕೊರತಿ ಅಂದ್ರ, ತ್ರಿಪದಿ ಕಟ್ಟಿದಾಕಿ ತನ್ನ ಹಾಡಿಗೆ ಹೆಸರು ಹಚ್ಚೂದಿಲ್ಲ. ಅಲ್ಲೂ ದನಿ ಉಳದದ, ದನಿ ತಗದಾಕಿ ಹೆಸರು ಉಳೀಲಿಲ್ಲ.

ಸ್ಟುಡಿಯೋದ ಪರದೆ

ನಮ್ಮ ತಾಲೂಕಿನ ಊರುಗಳಿಗೆ ಸ್ಟುಡಿಯೋ ಬಂದ ಮ್ಯಾಲ ಫೋಟೋ ನಮ್ಮ ಕೈಗೆ ಬಂತು ಅಂತ ಅನ್ನಬಹುದು. ಆದ್ರ ಅಲ್ಲೂ ಮನಿ ಬರಲಿಲ್ಲ. ಸ್ಟುಡಿಯೋದಾಗ ಒಂದು ಬಣ್ಣದ ಪರದೆ. ಅದರ ಮ್ಯಾಲ ಕೊಳ, ಹಂಸ, ಮೆಟ್ಟಲಾ, ಎಂದೂ ನೋಡದ ಊರಿನ ಗಿಡ. ಎಲ್ಲಾರೂ ಅದರ ಮುಂದ ನಿಂತವರೇ. ಬಿಸಲಾಗ ಜೋಳಾ ಕೊಯ್ದು ಬಂದವರು ಹಂಸದ ಮುಂದ! ಕುರ್ಚಿ ಮ್ಯಾಲ ಗಂಡ, ಬಾಜೂಕ ಹೆಂಡತಿ ನಿಂತಾಕಿ, ತಲಿತುಂಬ ಸೆರಗು, ಕೈಯಾಗ ಏನರೆ ಇರಬೇಕು ಅಂತ ಪ್ಲಾಸ್ಟಿಕ್ ಹೂವು. ಫೋಟೋ ತಗಿಸಿದ್ರ ಆಯುಷ್ಯ ಕಡಿಮಿ ಆಗತದ ಅಂತ ನಮ್ಮ ಆಯಿ ಹತ್ತರಾನೂ ಹೋಗತಿದ್ದಿಲ್ಲ. ಅಕಿ ತೊಂಬತ್ತರ ಮ್ಯಾಲ ಬಾಳಿದ್ಲು, ಹಿಂಗಾಗಿ ಅಕಿ ಮಾತ ಸುಳ್ಳ ಅನ್ನಲಿಕ್ಕೂ ಬರೂದಿಲ್ಲ.

ಮನಿಗೆ ಕ್ಯಾಮರಾ ಬಂದದ್ದು ಎರಡೇ ಸಂದರ್ಭಕ್ಕ. ಒಂದು ಲಗ್ನಕ್ಕ, ಇನ್ನೊಂದು ಯಾರರೆ ತೀರಿಕೊಂಡಾಗ ಕುಂಡರಿಸಿ ತಗಿಯೂದಕ್ಕ. ಸ್ವಲ್ಪ ಅನುಕೂಲ ಇದ್ದವರ ಮನ್ಯಾಗ ಆಗ್ಫಾ ಕ್ಲಿಕ್ ತ್ರೀ ಅಂತ ಸಣ್ಣ ಕರೀ ಕ್ಯಾಮರಾ ಬಂತು. ಒಂದು ರೋಲಿಗೆ ಹನ್ನೆರಡು ಫೋಟೋ ಅಷ್ಟೇ. ರೋಲು ತರಬೇಕು, ತೊಳಸಬೇಕು, ಒಂದೊಂದಕ್ಕೂ ರೊಕ್ಕ. ಹನ್ನೆರಡರಾಗ ಒಂದು ಫೋಟೋ ಬೀಸುಕಲ್ಲಿಗೆ ಯಾರು ಹಾಕತಾರ? ಒಲಿಗೆ ಯಾರು ಹಾಕತಾರ? ದಿನಾ ನೋಡೂದು, ನಾಳೆನೂ ಇರತದ ಅನ್ನೂದು. ಇದು ನಮ್ಮ ಬಡತನದ್ದೇ ಮಾತಲ್ಲ, ಜಗತ್ತಿನ್ಯಾಗ ಎಲ್ಲಾ ಕಡಿ ಇದೇ. ದಿನಾ ಕಣ್ಣಿಗೆ ಬೀಳೂದಕ್ಕ ಎಂದೂ ಸರತಿ ಬರೂದಿಲ್ಲ.

ಸ್ಟುಡಿಯೋದವರ ಹತ್ರ ನೆಗೆಟಿವ್ ಇರತಿದ್ವಲ್ಲ ಅಂತ ನೀವು ಕೇಳಬಹುದು. ನಮ್ಮ ಮನಿ ಲಗ್ನದ ಫೋಟೋ ಮತ್ತೊಮ್ಮೆ ತಗಿಸೂಣು ಅಂತ ನಮ್ಮವರು ಒಂದು ಹಳೇ ಸ್ಟುಡಿಯೋಕ್ಕ ಹೋಗಿದ್ರು. ಮಗ ಅಲ್ಲಿ ಮೊಬೈಲ್ ಅಂಗಡಿ ಹಾಕ್ಯಾನ, ನೆಗೆಟಿವ್ ಎಲ್ಲಾ ತೂಕಕ್ಕ ಕೊಟ್ಟೀವಿ ಅಂದಾನ. ಹಳೇ ಕರಿಬಿಳಿ ನೆಗೆಟಿವ್‌ನಾಗ ಬೆಳ್ಳಿ ಅಂಶ ಇರತದ, ಅದನ್ನ ತಗಿಯೂ ಸಲುವಾಗಿ ಕೊಳ್ಳೂ ಮಂದಿ ಊರೂರು ತಿರಗತಿದ್ರು. ಹಿಂಗ ಎಷ್ಟು ಊರಿನ ಎಷ್ಟು ಮುಖ ಗುಂಜಿ ಬೆಳ್ಳಿ ಸಲುವಾಗಿ ಕರಗಿ ಹೋದ್ವೋ!

ನನ್ನ ತವರಿನ ಟ್ರಂಕಿನಾಗ ಒಟ್ಟು ಹದಿನಾಲ್ಕು ಹಳೇ ಫೋಟೋ ಅವ. ಎಲ್ಲಾ ಮುಂದಿಟ್ಟುಕೊಂಡು ಎಣಿಸಿ ನೋಡಿದೆ. ಹತ್ತು ಸ್ಟುಡಿಯೋದವು. ಮೂರು ಲಗ್ನದ ಹಂದರದವು. ಒಂದು ಮಾತ್ರ ಮನಿ ಮುಂದ ತಗದದ್ದು, ನಮ್ಮ ಅಣ್ಣನ ಮಗನ ಜವಳದ ದಿನದ್ದು. ಆ ಫೋಟೋದಾಗ ಎಲ್ಲಾರೂ ಹುಡುಗನ ಕಡಿ ನೋಡ್ಯಾರ. ನಾನು ಈಗ ಅವರ ಹಿಂದ ನೋಡತೀನಿ. ಹಿಂದ ತಲಬಾಗಿಲಾ ಕಾಣತದ, ಅದರ ಚೌಕಟ್ಟಿನ ಮ್ಯಾಲ ಕೆತ್ತಿದ ಗಿಳಿ. ಬಾಜೂಕ ಕಟ್ಟಿ ಮ್ಯಾಲ ಜೋಳದ ಚೀಲ. ಬಾಗಿಲದಾಗಿಂದ ಒಳಗ ಗ್ವಾದ್ಲಿ, ಗ್ವಾದ್ಲಿ ಮ್ಯಾಲ ಒಂದು ಎತ್ತಿನ ಕೋಡು ಅಷ್ಟೇ. ಬಾಗಲಾ ಮರಿಗೆ ಅರ್ಧಾ ಮುಖ ಹಾಕಿ ನಿಂತಾಕಿ ಒಬ್ಬಾಕಿ ಇದ್ದಾಳ. ಅಕಿ ಯಾರು ಅನ್ನೂದು ನಮ್ಮ ಮನ್ಯಾಗ ಯಾರಿಗೂ ನೆಪ್ಪಿಲ್ಲ. ನೆಗೆಣ್ಣಿನೋ, ನೆರಮನಿಯಾಕಿನೋ, ಕೆಲಸಕ್ಕ ಬಂದಾಕಿನೋ. ಫೋಟೋದ ಹಿಂದ ಹೆಸರಿಲ್ಲ. ಆ ಎಂಟು ಸಂಪುಟದ ಮುಖಗಳಿಗೂ ಇಕಿಗೂ ಏನ ಫರಕು ಹೇಳ್ರಿ.

ಆ ಒಂದೇ ಫೋಟೋದ ಮ್ಯಾಲ ನಮ್ಮ ತವರುಮನಿ ಉಳದದ. ಯಾಕಂದ್ರ ಆ ಮನಿ ಈಗ ಇಲ್ಲ.

ನೀರಿನ ಕೆಳಗಿನ ಊರು

ಆಲಮಟ್ಟಿ ಡ್ಯಾಮಿನ ಅಡಿಗಲ್ಲ ಹಾಕಿದ್ದು 1964ರಾಗ, ಲಾಲ್ ಬಹಾದ್ದೂರ್ ಶಾಸ್ತ್ರಿಯವರು. ಡ್ಯಾಮ್ ಪೂರ್ತಿ ಆಗಿ ದೇಶಕ್ಕ ಅರ್ಪಣೆ ಮಾಡಿದ್ದು 2006ರ ಆಗಸ್ಟ್ 21ಕ್ಕ, ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು. ನಡುವ ನಲವತ್ತೆರಡು ವರ್ಷ. ಅಂದ್ರ ಅಡಿಗಲ್ಲ ಹಾಕಿದಾಗ ಹುಟ್ಟಿದ ಕೂಸು ಊರು ಬಿಡೂ ಹೊತ್ತಿಗೆ ತಾನೂ ಅತ್ತಿಯಾಗಿತ್ತು. ‘ಮುಳುಗತದ, ಮುಳುಗತದ’ ಅಂತ ಕೇಳಿ ಕೇಳಿ ನಮ್ಮ ಮಂದಿಗೆ ಅದೊಂದು ಗಾದಿ ಮಾತಾಗಿತ್ತು.

ಆಗ ಬಸವನ ಬಾಗೇವಾಡಿ ತಾಲೂಕಿನಾಗಿದ್ದ ಕೊಲ್ಹಾರ ಎಲ್ಲಾರಿಗೂ ಗೊತ್ತು. ಗಡಗಿ ಮೊಸರಿಗೆ ಹೆಸರಾದ ಊರು. ಬಸ್ಸು ನಿಂತ್ರ ಕಿಡಕ್ಯಾಗ ಮೊಸರಿನ ಗಡಗಿ ಹಿಡಕೊಂಡು ಬರತಿದ್ರು. ಆ ಹಳೇ ಕೊಲ್ಹಾರ ಹಿನ್ನೀರಿಗೆ ಹೋತು, ಹೊಸಾ ಕೊಲ್ಹಾರ ದಿಬ್ಬದ ಮ್ಯಾಲ ಎದ್ದಿತು. ಆ ಕಡಿ ದಂಡಿಗೆ ಬಾಗಲಕೋಟಿ ಊರಿಂದೂ ಅರ್ಧಾ ಅದೇ ಹಾದಿ ಹಿಡೀತು. ನನ್ನ ತವರೂರು ಅಷ್ಟ ದೊಡ್ಡದಲ್ಲ, ಅದಕ್ಕ ಹೆಸರು ಬ್ಯಾಡ. ಸರ್ವೇಕ್ಕ ಬಂದವರು ಬಾಗಲಾ ಬಾಗಲಾಕ್ಕ ನಂಬರ್ ಬರದ್ರು. ಗ್ವಾಡಿ ಎಷ್ಟು ಉದ್ದ, ತೊಲಿ ಎಷ್ಟು, ಕಂಬ ಎಷ್ಟು ಅಂತ ಪಟ್ಟಿ ಮಾಡಿಕೊಂಡು ಹೋದ್ರು. ಪರಿಹಾರ ಕೊಡಲಿಕ್ಕ ಅದು ಬೇಕು, ಖರೇ. ಆದ್ರ ಆ ಪಟ್ಟ್ಯಾಗ ಅಡಕಲಗಡಗಿ ಸಾಲು ಬರಲಿಲ್ಲ, ನೆಲುವು ಬರಲಿಲ್ಲ, ದೀಪ ಇಟ್ಟು ಇಟ್ಟು ಕರ್ರಗಾದ ಮಾಡ ಬರಲಿಲ್ಲ. ಜೋಳ ತುಂಬೂ ಹಗೇವಿನ ಬಾಯಿ, ಊರ ಅಗಸಿ, ದಂಗೆಕೋರರು ಬಂದ್ರ ಹತ್ತಿ ನೋಡಲಿಕ್ಕ ಹಿಂದಿನವರು ಕಟ್ಟಿದ ಹುಡೇವು, ಮೊಹರಮ್ಮಿಗೆ ಅಲಾಯಿ ಕುಣಿ ತಗಿಯೂ ಜಾಗಾ, ಹೊಳಿ ಮೆಟ್ಟಲದ ಮ್ಯಾಲ ಅರಬಿ ಒಗದು ಒಗದು ನುಣುಪಾದ ಕಲ್ಲು. ಈ ಕಲ್ಲು ಮುಂಚೆ ಯಾವನೋ ಒಬ್ಬ ವೀರನ ಹೆಸರಿನ ವೀರಗಲ್ಲಾಗಿತ್ತು, ಕುದರಿ ಮ್ಯಾಲ ಕುಂತವನ ಆಕಾರ ಇನ್ನೂ ತಿಳೀತಿತ್ತು. ನಾವು ಅವನ ಬೆನ್ನ ಮ್ಯಾಲೇ ಅರಬಿ ಬಡೀತಿದ್ವಿ.

ಮಂದಿ ಊರು ಬಿಡೂವಾಗ ತೊಲಿ, ಬಾಗಲಾ, ಕಿಡಕಿ ಕಿತ್ತುಕೊಂಡು ಟ್ರ್ಯಾಕ್ಟರಿನ್ಯಾಗ ಹೇರಿದ್ರು. ಗಿಳಿ ಕೆತ್ತಿದ ನಮ್ಮ ಚೌಕಟ್ಟನೂ ಹೊಸಾ ಮನಿಗೆ ಬಂತು. ಆದ್ರ ಹೊಸಾ ಮನಿ ಗಿಡ್ಡ, ಆರ್‌ಸಿಸಿದು. ಚೌಕಟ್ಟು ಕುಂಡ್ರಲಿಲ್ಲ. ಈಗ ಅದು ಹಿತ್ತಲದಾಗ ಕುಳ್ಳಿನ ಬಾನಿ ಹತ್ತರ ಅಡ್ಡ ಇಟ್ಟಾರ, ಅದರ ಮ್ಯಾಲ ಹಪ್ಪಳ ಒಣಗಸತಾರ. ಬೇಸಗಿಗೆ ನೀರು ಇಳದಾಗ ಹಳೇ ಊರಿನ ಅಡಿಪಾಯ ಕಾಣತಾವ. ಹೋದವರು ಇದು ನಮ್ಮ ಪಡಸಾಲಿ, ಇದು ಬಚ್ಚಲಾ ಅಂತ ಬೆರಳ ಮಾಡಿ ತೋರಸತಾರ. ಮಕ್ಕಳಿಗೆ ಬರೇ ಕಲ್ಲಿನ ಸಾಲು ಕಾಣತದ.

ಈಗ ಆಲಮಟ್ಟಿಯೊಳಗ ನೀರು ನಿಲ್ಲೂದು 519.60 ಮೀಟರ್ ಮಟ್ಟಕ್ಕ. ಅದನ್ನ 524.256 ಮೀಟರಿಗೆ ಏರಿಸಬೇಕು ಅಂತ ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತದಾಗ ಅದ. ಕೃಷ್ಣಾ ನ್ಯಾಯಾಧೀಕರಣ 2010ರ ತೀರ್ಪಿನ್ಯಾಗ ಅದಕ್ಕ ಒಪ್ಪಿಗೆನೂ ಕೊಟ್ಟದ. ಲೆಕ್ಕ ಹಾಕಿದ್ರ ಸುಮಾರು 15 ಅಡಿ ನೀರು ಮ್ಯಾಲ ಬರತದ. ಹದಿನೈದು ಅಡಿ ಅಂದ್ರ ನಮ್ಮ ಒಂದು ಮಾಳಿಗಿ ಮನಿ ಪೂರಾ ಮುಳುಗಿ, ಮ್ಯಾಲ ಕುಂಬಿನೂ ಕಾಣೂದಿಲ್ಲ. ಇದು ಬೇಕು ಬ್ಯಾಡ ಅನ್ನೂ ವಾದ ನನಗ ಬ್ಯಾಡ. ಇದೇ ಕೃಷ್ಣಾ ನೀರು ಕಾಲುವಿ ಹಿಡದು ಬಂದ ಮ್ಯಾಲೇ ನಮ್ಮ ಎಷ್ಟೋ ಒಣಾ ಹೊಲಾ ಹಸರಾಗ್ಯಾವ. ನೀರಿಗೆ ಹಾದಿ ನೋಡಿದ ಸಿಂದಗಿ, ಇಂಡಿ ಹೆಣ್ಣುಮಕ್ಕಳಿಗೆ ಅದರ ಬೆಲಿ ಹೇಳಬೇಕಾಗಿಲ್ಲ. ನಾನು ಹೇಳೂದು ಇಷ್ಟೇ: ಊರು ಬಿಡೂದು ಬಂದ್ರ ಚೌಕಟ್ಟಿನ ಜೋಡಿ ಫೋಟೋನೂ ಬರಲಿ.

ನಮ್ಮವರೇ ತಗದ ಫೋಟೋ

ಈಗ ಎಲ್ಲಾರ ಕೈಯಾಗ ಮೊಬೈಲ್ ಅದ. ಹನ್ನೆರಡು ಫೋಟೋದ ಲೆಕ್ಕ ಮುಗೀತು, ಬೆಳಕಿನ ತ್ರಾಸೂ ಮುಗೀತು, ಹೊಸ್ತಿಲಾ ಅಂತೂ ನಮ್ಮದೇ. ಸಾಹೇಬರಿಗೆ ಇದ್ದ ಮೂರೂ ಅಡಚಣಿ ನಮಗಿಲ್ಲ. ಹೋದ ವರ್ಷದಿಂದ ನಮ್ಮ ಬಳಗದವರು ಕಳಿಸಿದ ಫೋಟೋ ನಾನು ಕೂಡಿಸಿ ಇಡಾಕತ್ತೀನಿ. ಅದರಾಗಿಂದ ಒಂದಿಷ್ಟು ಹೇಳತೀನಿ.

ಇಂಡಿ ಅಕ್ಕ ಕಳಿಸಿದ್ದು ಲಿಂಬಿಕಾಯಿ ರಾಶಿ. ಇಂಡಿ ಲಿಂಬಿಗೆ ಈಗ ಜಿಐ ಮಾನ್ಯತಾ ಸಿಕ್ಕದ, ಪೇಪರಿನ್ಯಾಗ ಎಲ್ಲಾರೂ ಓದೀರಿ. ಆದ್ರ ಅಕ್ಕನ ಫೋಟೋದಾಗ ರಾಶಿಕಿಂತ ಛಲೋ ಇರೂದು ಬಾಜೂಕ ಕುಂತು ದೊಡ್ಡವು, ಸಣ್ಣವು ಬ್ಯಾರೆ ಮಾಡೂ ಹೆಣ್ಣುಮಕ್ಕಳ ಕೈ. ಕಣ್ಣು ಅತ್ತಾಗ, ಮಾತು ಇತ್ತಾಗ, ಕೈ ಮಾತ್ರ ತಪ್ಪೂದಿಲ್ಲ. ಇನ್ನೊಂದು ಇಂಡಿ ರೋಡ್ ಸ್ಟೇಶನ್ನಿನ ಬೋರ್ಡು. ರೈಲಿನವರ ‘ರೋಡ್’ ಅಂದ್ರ ಊರು ಇಲ್ಲಿಲ್ಲ, ಇಲ್ಲಿಂದ ಹಾದಿ ಅದ ಅಂತ ಅರ್ಥ. ಬಸವನ ಬಾಗೇವಾಡಿ ರೋಡೂ ಹಂಗೇ, ಇಳಿಯೂದು ತೆಲಗಿದಾಗ. ಹೊಸದಾಗಿ ಬಂದ ಸೊಸಿ ಬಾಗೇವಾಡಿ ಬಂತು ಅಂತ ಗಂಟು ಮೂಟಿ ಇಳಿಸಿ ಊರು ಎಲ್ಲಿ ಅಂತ ನೋಡತಾಳ. ಸಿಂದಗಿ, ಮುದ್ದೇಬಿಹಾಳದವರಿಗೆ ಆ ಬೋರ್ಡೂ ಇಲ್ಲ.

ಮುದ್ದೇಬಿಹಾಳದ ವೈನಿ ತಂಗಡಗಿಗೆ ಹೋದಾಗ ಫೋಟೋ ಕಳಿಸ್ಯಾರ. ಹೊಳಿ ದಂಡಿ ಮ್ಯಾಲ ನೀಲಾಂಬಿಕೆ ಐಕ್ಯಾದ ಜಾಗಾ. ಆ ಕಡಿ ದಂಡಿಗೆ ಕೂಡಲಸಂಗಮ, ಅಲ್ಲಿ ಬಸವಣ್ಣ. ಸಂಗಮದ ಫೋಟೋ ಲಕ್ಷ ಮಂದಿ ತಗೀತಾರ. ವೈನಿ ಈ ದಂಡಿಗೆ ನಿಂತು ಆ ದಂಡಿ ಕಾಣೂಹಂಗ ತಗದಾರ. ಇದೇ ಸೀಮ್ಯಾಗ, ರಕ್ಕಸಗಿ–ತಂಗಡಗಿ ಅನ್ನೂ ಹೆಸರಿನ ಜೋಡಿ, 1565ರ ದೊಡ್ಡ ಯುದ್ಧದ ನೆನಪೂ ಅದ. ಪುಸ್ತಕದವರು ತಾಳಿಕೋಟಿ ಯುದ್ಧ ಅಂತಾರ. ತಾಳಿಕೋಟಿಯಿಂದ ಬಂದದ್ದು ಮಾತ್ರ ಡೋಣಿ ಹೊಳಿ ಫೋಟೋ. ಡೋಣಿ ಹರದ್ರ ಓಣೆಲ್ಲಾ ಜೋಳ ಅಂತ ನಮ್ಮ ಹಿರಿಯರು ಸುಮ್ಮನ ಅಂದಿಲ್ಲ. ಆ ಕರೀ ಮಣ್ಣು ಫೋಟೋದಾಗೂ ಮಿಂಚತದ.

ಸಿಂದಗಿದು ನಾನೇ ತಗದದ್ದು. ನಮ್ಮ ಓಣ್ಯಾಗ ಉಳದ ಕಡೀ ಮಾಳಿಗಿ ಮನಿ. ಮಳಿಗಾಲದ ಮುಂಚೆ ಅಜ್ಜ ಒಬ್ಬಾತ ಮ್ಯಾಲ ಹತ್ತಿ ಹಾಳಮಣ್ಣು ಹಾಕಿ ತುಳಿಯೂದು. ಈ ಮಣ್ಣು ಹಾಕಿದ್ರ ಹನಿ ಸೋರೂದಿಲ್ಲ. ಎಷ್ಟು ಬುಟ್ಟಿ, ಎಷ್ಟು ದಪ್ಪ, ಯಾವ ಕಡಿ ಇಳಿಜಾರು, ಎಲ್ಲಾ ಅವರ ಕಾಲಿಗೆ ಗೊತ್ತು. ನಾಕು ಫೋಟೋ ತಗದು, ಅವರು ಹೇಳಿದ್ದನ್ನ ಕೆಳಗ ಬರದೀನಿ.

ಮಾಡೂ ಕೆಲಸ

ನಾನು ಮೊದಲಿಗೆ ಹೇಳಿದ ಕೆಲಸ ಇದು. ಬರೂ ಎಳ್ಳ ಅಮಾವಾಸಿಗೆ ಎಲ್ಲಾರೂ ಹೊಲಕ್ಕ ಹೋಗತೀರಿ, ಚರಗಾ ಚೆಲ್ಲತೀರಿ. ತವರಿಗೆ ಹೋಗೂವರು ಹೋಗತೀರಿ. ಆವಾಗ ನಿಮ್ಮ ಮುಖದ ಸೆಲ್ಫಿ ಹತ್ತು ತಗೀರಿ, ಬ್ಯಾಡ ಅನ್ನೂದಿಲ್ಲ. ಅದರ ಜೋಡಿ ಈ ಆರು ತಗೀರಿ: ತಲಬಾಗಿಲಾ ಹೊರಗಿನಿಂದ, ಪಡಸಾಲಿ ಬಾಗಲದಾಗ ನಿಂತು, ಒಲಿ ಅಥವಾ ಒಲಿ ಇದ್ದ ಜಾಗಾ, ಬೀಸುಕಲ್ಲು, ಒಳ್ಳು ಎಲ್ಲಿದ್ರ ಅಲ್ಲಿ, ನೀರಿನ ಜಾಗಾ, ಮತ್ತ ಮನಿಯಿಂದ ಓಣಿ ಹೆಂಗ ಕಾಣತದ ಅನ್ನೂದು. ಹೊಳಿ ದಂಡಿ ಊರವರು ಅಗಸಿ, ಹುಡೇವು, ಗುಡಿ, ದರ್ಗಾನೂ ತಗೀರಿ. ಬ್ಯಾರೆಯವರ ಫೋಟೋ ತಗಿಯೂವಾಗ ಕೇಳಿ ತಗೀರಿ. ಅವರು ಕೆಲಸ ಮಾಡಾಕತ್ತಿದ್ರ ಇನ್ನೂ ಛಲೋ, ನಿಂದ್ರಿಸಿ ನಗಸಬ್ಯಾಡ್ರಿ.

ಆಮ್ಯಾಲ ಮುಖ್ಯ ಮಾತು. ಫೋಟೋದಾಗ ಇದ್ದ ಎಲ್ಲಾರ ಹೆಸರು, ಊರು, ತಾರೀಖು ಬರೀರಿ. ಬಾಗಲಾ ಮರಿಗೆ ನಿಂತಾಕಿದೂ ಬರೀರಿ, ಅಕಿದೇ ಮೊದಲು ಬರೀರಿ. ಮೊಬೈಲ್ ಒಡೀತಾವ, ಕಳೀತಾವ. ಅದಕ್ಕ ವರ್ಷಕ್ಕ ಇಪ್ಪತ್ತರೆ ಫೋಟೋ ಕಾಗದಕ್ಕ ಹಾಕಿಸಿ, ಹಿಂದ ಮೆತ್ತನ ಪೆನ್ಸಿಲ್‌ಲೆ ಬರದು ಟ್ರಂಕಿನಾಗ ಇಡ್ರಿ. ಹಿರಿಯರು ಮನ್ಯಾಗ ಇದ್ರ ಹಳೇ ಫೋಟೋ ಅವರ ತೊಡಿ ಮ್ಯಾಲ ಇಟ್ಟು ಇವರು ಯಾರು, ಇದು ಯಾರ ಮನಿ ಅಂತ ಈ ವಾರನೇ ಕೇಳ್ರಿ. ಮುಂದಿನ ಅಮಾವಾಸಿತನಕಾ ತಡೀಬ್ಯಾಡ್ರಿ.

ಕೃಷ್ಣಾ ದಂಡಿಯ ನಮ್ಮ ಹಳೇ ಊರವರು ಯಾರರೆ ಇದನ್ನ ಓದಿದ್ರ, ಆ ಜವಳದ ಫೋಟೋ ನಿಮಗೂ ಕಳಸತೀನಿ. ಬಾಗಲಾ ಮರಿಗೆ ನಿಂತಾಕಿ ಎಡಗೈಯಾಗ ಹಸರ ಬಳಿ ಜಾಸ್ತಿ ಅವ, ಮೂಗಿನ್ಯಾಗ ಎರಡೂ ಕಡಿ ಮೂಗುತಿ ಅದ. ನಿಮ್ಮ ಅವ್ವಾರೋ ಕಾಕುನೋ ಇದ್ರ ತಿಳಸ್ರಿ, ಹಿಂದ ಹೆಸರು ಬರೀತೀನಿ.